ಹವಳದ ಕಲ್ಲು ಯಾರ ಸೊತ್ತು?

2012ರ ಫೆಬ್ರವರಿ 7ರಂದು ಮಾಲ್ದೀವ್ಸ್‌ನ ರಾಜಧಾನಿ ಮಾಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಗುಂಪೊಂದು ನುಗ್ಗಿತು. ಅಧ್ಯಕ್ಷ ಮುಹಮ್ಮದ್ ನಶೀದ್ ರಾಜೀನಾಮೆ ಕೊಟ್ಟ ದಿನವದು. ಹವಳದ ಕಲ್ಲಿನಲ್ಲಿ ಕೆತ್ತಿದ್ದ ಬುದ್ಧನ ಶಿರವೂ ಸೇರಿದಂತೆ ಇಸ್ಲಾಮ್ ಪೂರ್ವ ಕಾಲದ ಶಿಲ್ಪಗಳಲ್ಲಿ ಬಹುಪಾಲು ಅಂದು ಪುಡಿಯಾದವು. ಆ ಶಿಲ್ಪಗಳನ್ನು ಅಲ್ಲಿ ಯಾರೂ ಪೂಜಿಸುತ್ತಿರಲಿಲ್ಲ. ಹಾಗಿರುವಾಗ ಒಡೆದದ್ದು ವಿಗ್ರಹವನ್ನೋ, ನೆನಪನ್ನೋ?

ಈ ದ್ವೀಪಗಳ ದೊರೆ ಇಸ್ಲಾಮ್ ಸ್ವೀಕರಿಸಿದ್ದು 1153ರಲ್ಲಿ. ಅದಕ್ಕೆ ಮೊದಲು ಇಲ್ಲಿ ಶತಮಾನಗಳ ಕಾಲ ಬೌದ್ಧ ಧರ್ಮವಿತ್ತು. 1922ರಲ್ಲಿ ಇಲ್ಲಿನ ದಿಬ್ಬಗಳನ್ನು ಅಗೆದು ಅಳೆದವನು ಸಿಲೋನಿನಲ್ಲಿ ಅಧಿಕಾರಿಯಾಗಿದ್ದ ಎಚ್.ಸಿ.ಪಿ. ಬೆಲ್. ಅವನ ನಿಧನಾನಂತರ 1940ರಲ್ಲಿ ಹೊರಬಂದ ಗ್ರಂಥ ಒಣ ವರದಿಯಂತಿದ್ದರೂ ಇಂದಿಗೂ ಆಧಾರ. ಅವನು ಅದ್ದು ದ್ವೀಪಸಮೂಹದ ಗಾನ್‌ನಲ್ಲಿ ಕಂಡಿದ್ದ ಅವಶೇಷ ಮುಂದೆ ಬ್ರಿಟಿಷರ ವಿಮಾನ ನಿಲ್ದಾಣದಡಿ ನೆಲಸಮವಾಯಿತು. ಆ ನಾಶಕ್ಕೆ ಯಾರೂ ಮತಾಂಧತೆ ಎಂದು ಹೆಸರಿಡಲಿಲ್ಲ ಎಂಬುದನ್ನೂ ಗಮನಿಸಬೇಕು.

ಬಳಿಕ ಬಂದವರು ನಾರ್ವೆಯ ಸಾಹಸಿ ಥಾರ್ ಹೆಯರ್‌ಡಾಲ್. 1986ರ ಅವರ ಪುಸ್ತಕ ರೋಚಕವಾಗಿದೆ, ಆದರೆ ನಂಬಲರ್ಹವಲ್ಲ. ಬೌದ್ಧರಿಗೂ ಮೊದಲು ಸೂರ್ಯನನ್ನು ಆರಾಧಿಸುವ ನಾವಿಕರು ಬಂದಿದ್ದರೆಂಬ ಅವರ ವಾದವನ್ನು ಪುರಾತತ್ವಜ್ಞರು ಒಪ್ಪಿಲ್ಲ. ನಿಗೂಢವನ್ನು ಹುಡುಕುವ ಭರದಲ್ಲಿ ಅವರು ಕಣ್ಣೆದುರಿನ ಸರಳ ಸತ್ಯವನ್ನು ಹಗುರಾಗಿಸಿದರು. 1990ರ ದಶಕದಲ್ಲಿ ಕಾಶಿದೂ ದ್ವೀಪದಲ್ಲಿ ಎಗಿಲ್ ಮಿಕೆಲ್ಸನ್ ನಡೆಸಿದ ತಾಳ್ಮೆಯ ಉತ್ಖನನ ಬೌದ್ಧ ವಿಹಾರವೊಂದನ್ನು ತೆರೆದಿಟ್ಟಿತು. ಅಲ್ಲಿ ಹತ್ತಾರು ಸಾವಿರ ಕವಡೆಗಳು ಸಿಕ್ಕಿದವು. ನಾವು ಚೌಕಾಬಾರದಲ್ಲಿ ಉರುಳಿಸುವ ಕವಡೆ ಆಗ ಬಂಗಾಳದಲ್ಲಿ ಹಣವಾಗಿತ್ತು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು, ಮುಂದೆ ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿದ್ದ ಇಬ್ನ್ ಬತೂತ ಈ ವ್ಯಾಪಾರವನ್ನು ದಾಖಲಿಸಿದ್ದಾನೆ.

ಆ ಸರಳ ಸತ್ಯ ಯಾವುದು? ಮಾಲೆಯಲ್ಲಿ 1658ರಲ್ಲಿ ಕಟ್ಟಿದ ಹುಕುರು ಮಿಸ್ಕಿಯ್, ಅಂದರೆ ಜುಮಾ ಮಸೀದಿ, ಇದಕ್ಕೆ ಉತ್ತರ ಹೇಳುತ್ತದೆ. ಕಡಲಿನಿಂದ ತೆಗೆದ ಹವಳದ ಕಲ್ಲನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿ ಎಬ್ಬಿಸಿದ ಗೋಡೆಗಳವು. ಈ ಕೈಚಳಕ ಬೌದ್ಧರ ಕಾಲದಿಂದಲೇ ಹರಿದು ಬಂದದ್ದು. ಹಳೆಯ ಅಡಿಪಾಯದ ಮೇಲೆ ಕಟ್ಟಿದ್ದರಿಂದ ಕಟ್ಟಡ ಕಿಬ್ಲಾಕ್ಕೆ ನೇರವಾಗಿಲ್ಲ ಎನ್ನುತ್ತಾರೆ. ಒಳಗೆ ನಮಾಝಿನ ಸಾಲುಗಳು ಓರೆಯಾಗಿ ನಿಲ್ಲುತ್ತವೆ. ಪೂರ್ವಜರು ಅಡಿಪಾಯವನ್ನು ಕಿತ್ತೆಸೆಯಲಿಲ್ಲ, ತಮ್ಮ ಸಾಲನ್ನು ತಿರುಗಿಸಿಕೊಂಡರು. ಅವರ ಈಮಾನಿಗೆ ಅದರಿಂದ ಕುಂದುಂಟಾಯಿತೇ?

ಮತಾಂತರದ ಕಾಲದಲ್ಲಿ ವಿಹಾರಗಳು ನಾಶವಾಗಲೇ ಇಲ್ಲ ಎಂದು ವಾದಿಸಬೇಕಿಲ್ಲ. ಹಳೆಯ ತಾಮ್ರಪಟಗಳು ಅದನ್ನು ಮುಚ್ಚಿಡುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ಅಧಿಕಾರದ ಹೋರಾಟವನ್ನು ಇಪ್ಪತ್ತೊಂದನೆಯ ಶತಮಾನದ ಗಾಜಿನ ಪೆಟ್ಟಿಗೆಯ ಮೇಲೆ ಮುಂದುವರಿಸುವುದು ಧರ್ಮವಲ್ಲ. 2001ರಲ್ಲಿ ಬಾಮಿಯಾನ್ ಬುದ್ಧರನ್ನು ಉಳಿಸಲೆಂದು ಯೂಸುಫ್ ಅಲ್ ಕರ್ದಾವಿಯವರೂ ಇದ್ದ ವಿದ್ವಾಂಸರ ನಿಯೋಗ ಅಫ್ಘಾನಿಸ್ತಾನಕ್ಕೆ ಹೋಗಿತ್ತು. ತಾಲಿಬಾನ್ ಕಿವಿಗೊಡಲಿಲ್ಲ. ಗತಿಸಿದ ಜನಾಂಗಗಳ ಕುರುಹು ನೋಡಿ ಪಾಠ ಕಲಿಯಲು ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಕುರುಹೇ ಉಳಿಯದಿದ್ದರೆ ನೋಡುವುದೇನನ್ನು?

ನಮ್ಮ ಮಸೀದಿಯ ಅಡಿಯಲ್ಲಿ ಇತರರು ಅಗೆಯಲು ಬಂದಾಗ ಇತಿಹಾಸವನ್ನು ಗೌರವಿಸಿ ಎಂದು ನಾವು ಕೇಳುತ್ತೇವೆ. ನಾವು ಬಹುಸಂಖ್ಯಾತರಾಗಿರುವ ನೆಲದಲ್ಲೂ ಅದೇ ಮಾತನ್ನಾಡಿದಾಗ ಮಾತ್ರ ಆ ಕೇಳಿಕೆಗೆ ತೂಕ ಬರುತ್ತದೆ.