ಜಾಣನ ಬೇರು, ಅರಿವಿನ ಬೇರು

ಕನ್ನಡ ಪದಗಳ ಮೂಲವನ್ನು ಕುರಿತು ನಮ್ಮವರಲ್ಲಿ ಎರಡು ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ. ಎಲ್ಲವೂ ಸಂಸ್ಕೃತದಿಂದ ಬಂದದ್ದು ಎಂಬುದು ಒಂದು. ಸಂಸ್ಕೃತದಿಂದ ಬಂದದ್ದೆಲ್ಲ ಪರಕೀಯ ಎಂಬುದು ಇನ್ನೊಂದು. ಒಂದೇ ಒಂದು ಧಾತುವನ್ನು ಹಿಡಿದು ನೋಡಿದರೂ ಎರಡೂ ನಿಲ್ಲುವುದಿಲ್ಲ.

‘ಜ್ಞಾ’ ಎಂದರೆ ತಿಳಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕೆಂದು 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದರು. ಆ ಹಾದಿಯಲ್ಲಿ ನಡೆದ ವಿದ್ವಾಂಸರು ‘ಜ್ಞಾ’ದ ಹಿಂದೆ ‘ಗ್ನೋ’ ಎಂಬಂಥ ಧಾತುವನ್ನು ಊಹಿಸಿದರು. ಇಂಗ್ಲಿಷಿನ ‘ನೋ’ ಕ್ರಿಯಾಪದದಲ್ಲಿ ಬರೆದೂ ಉಚ್ಚರಿಸದ ‘ಕೆ’ ಅಕ್ಷರ ಆ ಗಕಾರದ ಅವಶೇಷ. ವೈದ್ಯರ ‘ಡಯಾಗ್ನೋಸಿಸ್’ನಲ್ಲಿ ಅದು ಇನ್ನೂ ಕೇಳಿಸುತ್ತದೆ, ಸೊಸೈಟಿಯ ಹಲಗೆಗೆ ಅಂಟಿಸುವ ‘ನೋಟೀಸ್’ನಲ್ಲಿ ಅಳಿದುಹೋಗಿದೆ. ಆದರೆ ಮೂಲರೂಪವನ್ನು ಕಲ್ಲಿನಲ್ಲಾಗಲಿ ಓಲೆಯಲ್ಲಾಗಲಿ ಕಂಡವರಿಲ್ಲ. ಅದಕ್ಕೇ ಅದರ ಮುಂದೆ ನಕ್ಷತ್ರದ ಗುರುತು. 1868ರಲ್ಲಿ ಆಗಸ್ಟ್ ಷ್ಲೈಖರ್ ಆ ಮೂಲಭಾಷೆಯಲ್ಲಿ ಒಂದು ಕಥೆಯನ್ನೇ ಬರೆದರು. ಮುಂದಿನವರು ಅದನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಊಹೆಯನ್ನು ಊಹೆಯೆಂದೇ ಓದಬೇಕು.

ನಮ್ಮ ಕೇಶಿರಾಜ 13ನೆಯ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳನ್ನು ವಿಚಾರ ಮಾಡಿದ್ದಾನೆ. ಆಜ್ಞೆ ಆಣೆಯಾಯಿತು, ಸಂಜ್ಞೆ ಸನ್ನೆಯಾಯಿತು, ವಿಜ್ಞಾಪನ ಬಿನ್ನಪವಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. ಆ ಪಟ್ಟಿಯ ಕೊರತೆ ಏನೆಂದರೆ, ನಡುವಿನ ಪ್ರಾಕೃತ ಅದರಲ್ಲಿ ಕಾಣುವುದಿಲ್ಲ. ಆ ಪ್ರಾಕೃತದ ಮನೆಯಲ್ಲೇ ನಾವಿಂದು ಬಿಡಾರ ಹೂಡಿದ್ದೇವೆ! ತಿಳಿಯುವುದಕ್ಕೆ ಗುಜರಾತಿಗಳು ಹೇಳುವ ‘ಜಾಣವುಂ’ ನಮ್ಮ ಜಾಣನ ನಂಟ. ಅವರ ‘ಆಣ್’ ನಮ್ಮ ಆಣೆ. ಅವರ ‘ಸಾನ್’ ನಮ್ಮ ಸನ್ನೆ. ಇಷ್ಟು ಕಾಲ ಒಕ್ಕಲಾಗಿರುವ ಪದಗಳನ್ನು ಪರಕೀಯವೆನ್ನುವುದು ಹೇಗೆ?

ಹಾಗೆಂದು ಎಲ್ಲವೂ ಅಲ್ಲಿಂದಲೇ ಬಂದದ್ದಲ್ಲ. ಅರಿ, ತಿಳಿ, ಬಲ್ಲೆ ನಮ್ಮವು. ತಮಿಳಿನ ‘ಅರಿ’, ತೆಲುಗಿನ ‘ಎರುಗು’ ನಮ್ಮ ‘ಅರಿ’ಯ ಒಡಹುಟ್ಟುಗಳು, ಜೋನ್ಸ್ ಕಂಡ ಕುಟುಂಬದಲ್ಲಿ ಇವಕ್ಕೆ ಸ್ಥಾನವಿಲ್ಲ. ‘ಜ್ಞಾನ’ ಕೈಗೆಟುಕುವಂತಿದ್ದರೂ ವಚನಕಾರರು ‘ಅರಿವಿ’ಗೆ ಅಷ್ಟು ದೊಡ್ಡ ಸ್ಥಾನ ಕೊಟ್ಟರು.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಜ್ಞಾನ, ಆಜ್ಞೆಗಳನ್ನು ಶಾಲೆ ಕಲಿಸುತ್ತದೆ. ಜಾಣ, ಸನ್ನೆಗಳ ಸುಳಿವನ್ನು ನೆರೆಹೊರೆಯ ಗುಜರಾತಿ ಕೊಡುತ್ತದೆ. ‘ಅರಿ’, ‘ತಿಳಿ’ಗಳನ್ನು ಮಾತ್ರ ಮನೆಯವರೇ ಕೊಡಬೇಕು. ಮಕ್ಕಳ ಬಾಯಲ್ಲಿ ಗುಜರಾತಿ ಬೆರೆಯಿತೆಂದು ಗದರುವುದಕ್ಕಿಂತ, ಊಟಕ್ಕೆ ಕುಳಿತಾಗ ‘ತಿಳೀತೇನಪ್ಪಾ?’ ಎಂದು ಕನ್ನಡದಲ್ಲಿ ಕೇಳುವುದೇ ಹೆಚ್ಚು ಫಲ ಕೊಡುವ ಕೆಲಸವೆಂದು ನಮಗೆ ತೋರುತ್ತದೆ.