ಒಂದೇ ಸರ್ವರಿನಲ್ಲಿ ಸಮಾಂತರ ಕಡತ ವ್ಯವಸ್ಥೆ : ಒಂದು ವಿಮರ್ಶೆ

ಕಡತಗಳನ್ನು ಹಲವು ಯಂತ್ರಗಳ ಡಿಸ್ಕುಗಳಲ್ಲಿ ಹಂಚಿಟ್ಟು, ಅವೆಲ್ಲವುಗಳಿಂದ ಏಕಕಾಲಕ್ಕೆ ಓದಿ ಬರೆಯುವ ಏರ್ಪಾಡಿಗೆ ಸಮಾಂತರ ಕಡತ ವ್ಯವಸ್ಥೆಯೆಂದು ಹೆಸರು. ಯಂತ್ರಗಳು ಹಲವಿರಬೇಕೆಂಬುದು ಈ ಲಕ್ಷಣದಲ್ಲಿಯೇ ಅಡಗಿದೆ. ಹೀಗಿರಲು ಅದನ್ನು ಒಂದೇ ಸರ್ವರಿನ ಮೇಲೆ ಕಟ್ಟುವುದು ಲಕ್ಷಣವಿರೋಧವೆಂದು ತಳ್ಳಿಹಾಕುವವರುಂಟು; ಕಟ್ಟಿದ ಮೇಲೆ ಸಾಮಗ್ರಿ ಸುರಕ್ಷಿತವಾಯಿತೆಂದು ನಂಬುವವರೂ ಉಂಟು. ಹುಕ್ಕೇರಿಯಂಥ ತಾಲೂಕಿನ ಪ್ರಯೋಗಶಾಲೆಯೊಂದಕ್ಕೆ ಒಂದೇ ಸರ್ವರು ದೊರೆತಲ್ಲಿ ಈ ಎರಡು ಮತಗಳನ್ನೂ ತೂಗಿ ನೋಡಬೇಕಾಗುತ್ತದೆ.

ವಿಮರ್ಶೆಗೆ ನಾವು ಮುಖ್ಯವಾಗಿ ಗ್ಲಸ್ಟರನ್ನು ಆರಿಸಿಕೊಂಡಿದ್ದೇವೆ. ಅದರ ರಚನೆಯಲ್ಲಿ ಬೆಂಗಳೂರಿನ ಎಂಜಿನಿಯರರ ಪಾಲು ದೊಡ್ಡದೆಂಬುದು ಒಂದು ಕಾರಣ. 2005ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2011ರಲ್ಲಿ ರೆಡ್ ಹ್ಯಾಟ್ ಸುಮಾರು 13 ಕೋಟಿ 60 ಲಕ್ಷ ಡಾಲರಿಗೆ ಕೊಂಡಿತು. ಅದರ ವ್ಯಾಪಾರೀ ಆವೃತ್ತಿಯ ಬೆಂಬಲವು 2024ರ ಕೊನೆಗೆ ನಿಂತಿತು. ಮೂಲಪಾಠವು ಮುಕ್ತವಾಗಿಯೇ ಇದೆ.

ಗ್ಲಸ್ಟರಿನ ಹೆಚ್ಚುಗಾರಿಕೆ ಅದರಲ್ಲಿ ದಫ್ತರದಾರನಿಲ್ಲದಿರುವುದು. ಲಸ್ಟರಿನಲ್ಲಿ ಯಾವ ಕಡತ ಎಲ್ಲಿದೆಯೆಂಬುದನ್ನು ಬರೆದಿಡಲು ಪ್ರತ್ಯೇಕ ಸರ್ವರು ಬೇಕು. ಗ್ಲಸ್ಟರು ಕಡತದ ಹೆಸರಿನಿಂದಲೇ ಒಂದು ಸಂಖ್ಯೆಯನ್ನು ಗಣಿಸಿ, ಆ ಸಂಖ್ಯೆ ಯಾವ 'ಬ್ರಿಕ್ಕಿನ' ಪಾಲಿಗೆ ಬರುವುದೋ ಅಲ್ಲಿಗೆ ನೇರವಾಗಿ ಹೋಗುತ್ತದೆ. ಪುಸ್ತಕದ ಹೆಸರು ಹೇಳಿದೊಡನೆ, ಪಟ್ಟಿಯನ್ನು ತೆರೆಯದೆ, ಕಪಾಟನ್ನು ತೋರಿಸುವ ಗ್ರಂಥಪಾಲಕನಂತೆ. ಆದರೆ ಈ ಜಾಣ್ಮೆಗೂ ಬೆಲೆಯುಂಟು. ಕಡತದ ಹೆಸರು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಆಗ ಹೊಸ ಸ್ಥಾನದಲ್ಲಿ 'ಅತ್ತ ನೋಡಿ' ಎಂಬ ಬರಿದಾದ ಗುರುತಿನ ಕಡತವನ್ನು ಇಡಬೇಕಾಗುತ್ತದೆ. ಒಂದು ಕೋಶದಲ್ಲಿರುವುದನ್ನೆಲ್ಲ ಪಟ್ಟಿಮಾಡೆಂದರೆ ಬ್ರಿಕ್ಕುಗಳನ್ನೆಲ್ಲ ಕೇಳಿಬರಬೇಕು. ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದಲ್ಲಿ ಗ್ಲಸ್ಟರು ಬಳಲುವುದು ಇಂಥ ಕಾರಣಗಳಿಂದ.

ಇನ್ನು ಒಂದೇ ಸರ್ವರಿನ ಮಾತು. ಅಲ್ಲಿ ಎರಡು ಮೂರು ಬ್ರಿಕ್ಕುಗಳನ್ನು ಮಾಡಿ, ಒಂದೊಂದರಲ್ಲಿಯೂ ಪ್ರತಿಯಿರಲೆಂದು ಆಜ್ಞೆಯಿತ್ತರೆ ಗ್ಲಸ್ಟರು ಒಡನೆ ಒಪ್ಪುವುದಿಲ್ಲ. ಪ್ರತಿಗಳೆಲ್ಲ ಒಂದೇ ಸರ್ವರಿನಲ್ಲಿವೆ, ಈ ಏರ್ಪಾಡು ಉಚಿತವಲ್ಲವೆಂದು ಎಚ್ಚರಿಸುತ್ತದೆ. ಆಜ್ಞೆಯ ಕೊನೆಗೆ 'ಫೋರ್ಸ್' ಎಂದು ಸೇರಿಸಿದರೆ ಮಾತ್ರ ಮುಂದುವರಿಯುತ್ತದೆ. ಕೃತಿಯೇ ತನ್ನ ದುರುಪಯೋಗವನ್ನು ವಿಮರ್ಶಿಸಿಕೊಳ್ಳುವ ಇಂಥ ನಿದರ್ಶನ ವಿರಳ. ಅನೇಕರು ಆ ಒಂದು ಪದವನ್ನು ಮಂತ್ರದಂತೆ ಸೇರಿಸಿ ಎಚ್ಚರಿಕೆಯನ್ನು ಮರೆತುಬಿಡುವುದು ವಿಷಾದಕರ. ಹಿಡಕಲ್ಲಿನ ಅಣೆಕಟ್ಟಿಗೆ ಬಾಗಿಲುಗಳು ಎಷ್ಟಿದ್ದರೂ ಜಲಾಶಯ ಒಂದೇ. ವಿದ್ಯುತ್ಪೂರೈಕೆಯ ಭಾಗ ಸುಟ್ಟರೆ ಪ್ರತಿಗಳೆಲ್ಲ ಒಟ್ಟಿಗೇ ಕೈತಪ್ಪುತ್ತವೆ. ಬ್ರಿಕ್ಕುಗಳು ಒಂದೇ ಡಿಸ್ಕಿನ ಭಾಗಗಳಾಗಿದ್ದರಂತೂ ವೇಗವೂ ಇಳಿಯುತ್ತದೆ. ಒಮ್ಮೆ ಬರೆಯಬೇಕಾದುದನ್ನು ಅದೇ ಡಿಸ್ಕು ಎರಡು ಮೂರು ಸಲ ಬರೆಯಬೇಕಷ್ಟೆ.

ಲಸ್ಟರನ್ನೂ ಒಂದೇ ಯಂತ್ರದಲ್ಲಿ ನಿಲ್ಲಿಸಬಹುದು. ಅದರ ಪರೀಕ್ಷಾ ಸಾಮಗ್ರಿಯಲ್ಲಿ ಅದಕ್ಕೆಂದೇ ಒಂದು ಸ್ಕ್ರಿಪ್ಟ್ ಇದೆ. ಆದರೆ ಕಡತ ಕೊಡುವ ಯಂತ್ರವೇ ಕೇಳುವ ಯಂತ್ರವೂ ಆದಾಗ ಸ್ಮೃತಿ ಸಾಲದೆ ಎರಡೂ ಒಂದನ್ನೊಂದು ಕಾಯುತ್ತ ನಿಂತುಬಿಡುವ ಅಪಾಯವುಂಟು. ಪರೀಕ್ಷೆಗೆ ಸಂದದ್ದು ನಿತ್ಯದ ಬಳಕೆಗೆ ಸಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗಕ್ಕೆ 4 ಪೆಟಾಬೈಟಿನ ಸಂಗ್ರಹವಿದೆ. ಆ ಮಟ್ಟದಲ್ಲಿ ಸಮಾಂತರತೆ ಅನಿವಾರ್ಯ. ನಾಲ್ಕು ಡಿಸ್ಕಿನ ಸರ್ವರಿಗೆ ರೇಡ್ ಏರ್ಪಾಡೇ ಸಾಕು.

ಹಾಗಾದರೆ ಮೊದಲನೆಯ ಮತವೇ ಸರಿಯೆ? ನಮಗೆ ಹಾಗೆ ತೋರುವುದಿಲ್ಲ. ಒಂದೇ ಸರ್ವರಿನೊಳಗೆ ಮೂರು ಮಿಥ್ಯಾಯಂತ್ರಗಳನ್ನು ಎಬ್ಬಿಸಿ, ಒಂದೊಂದಕ್ಕೂ ಒಂದು ಬ್ರಿಕ್ಕನ್ನು ಕೊಟ್ಟರೆ ವಿದ್ಯಾರ್ಥಿಯು ಒಂದನ್ನು ನಿಲ್ಲಿಸಿ, ಉಳಿದವು ಹೇಗೆ ನಡೆಯುತ್ತವೆ, ಮರಳಿ ಎದ್ದದ್ದು ತಪ್ಪಿಹೋದ ಬರೆಹವನ್ನು ಹೇಗೆ ಕೂಡಿಸಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಆದರೆ ತಾಳೆಗರಿಯ ಛಾಯಾಚಿತ್ರಗಳಂಥ, ಮತ್ತೆ ದೊರೆಯದ ಸಾಮಗ್ರಿಯನ್ನು ಈ ಪ್ರಯೋಗದ ಕಣದಲ್ಲಿ ಇಡಲಾಗದು; ಅದರ ಪ್ರತಿಯು ಬೇರೆ ಕಟ್ಟಡದಲ್ಲಿರಬೇಕು. ಪ್ರಯೋಗಕ್ಕೆ ಡಿಸ್ಕು ಸಾಲದಿದ್ದಲ್ಲಿ ಮೂರನೆಯ ಬ್ರಿಕ್ಕನ್ನು 'ಆರ್ಬಿಟರ್' ಮಾಡಬಹುದು. ಅದು ಕಡತಗಳ ಹೆಸರು ಮತ್ತು ಲಕ್ಷಣಗಳನ್ನಷ್ಟೇ ಇಟ್ಟುಕೊಂಡು, ಉಳಿದೆರಡು ಪ್ರತಿಗಳು ಒಂದಕ್ಕೊಂದು ವಿರುದ್ಧವಾಗಿ ಬೆಳೆಯದಂತೆ ತಡೆಯುತ್ತದೆ.