ತಟ್ಟೆಯ ಕಡೆಯ ಅರ್ಧ ನಿಮಿಷ

ಹಂಪಿಯನ್ನು ನೋಡಹೋದವರು ಎಲ್ಲಿಂದಲೋ ಒಂದು ಹಳೆಯ ಗ್ರಾಮಫೋನ್ ತಟ್ಟೆಯನ್ನು ಕೊಂಡು ತಂದು, ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಅದರ ಕೆಳಗೆ ನಿಂತು ಭಾವಚಿತ್ರ ತೆಗೆಯಿಸಿಕೊಂಡು, ತಾವೂ ಸಂಗೀತರಸಿಕರಾದೆವೆಂದು ಭಾವಿಸುವ ಪರಿಪಾಟವು ಈಚೆಗೆ ನಮ್ಮ ಟಿ.ಬಿ. ಡ್ಯಾಂ, ಹೊಸಪೇಟೆಗಳಲ್ಲಿಯೂ ಬೆಳೆದಿರುವುದನ್ನು ಕಂಡು ನನಗೆ ಬಹಳ ಬೇಸರವಾಗಿದೆ. ಇನ್ನೊಂದು ವರ್ಗದವರು ತಟ್ಟೆಯನ್ನು ಕೇಳುತ್ತಾರೆ, ನಿಜ. ಆದರೆ ಪಲ್ಲವಿ ಮುಗಿದು ಚರಣ ತೊಡಗುವಷ್ಟರಲ್ಲಿ ಮುಳ್ಳನ್ನೆತ್ತಿ ಮತ್ತೊಂದರ ಮೇಲಿಡುತ್ತಾರೆ. ಇವರ ಸಾಲಿಗೆ ಸೇರಬಾರದೆಂದು ಇಚ್ಛಿಸುವ ಹೊಸಬರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಯಂತ್ರಕ್ಕೆ ಕೀಲಿ ಕೊಡುವುದು, ಮುಳ್ಳಿಳಿಸುವುದು ಮೊದಲಾದವನ್ನು ಇಲ್ಲಿ ವಿವರಿಸುವುದಿಲ್ಲ. ಬಲ್ಲವರ ಕೈಯನ್ನು ಒಮ್ಮೆ ನೋಡಿದರೆ ಸಾಕು. ಎಚ್ಚರಿಕೆಯ ಮಾತು ಮಾತ್ರ ಅವಶ್ಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯು ಅರಗಿನಿಂದಾದುದು. ಸ್ಪಿರಿಟ್ಟು ಅರಗನ್ನು ಕರಗಿಸುವುದರಿಂದ ಅದರಿಂದ ಒರೆಸಿದಿರೋ, ಹಾಡು ಹೋಯಿತು. ವಿನೈಲಿನ ತಟ್ಟೆಯಾದರೋ ನಮ್ಮ ಬಳ್ಳಾರಿ ಸೀಮೆಯ ವೈಶಾಖದ ಬಿಸಿಲಿನಲ್ಲಿ ಓರೆಯಾಗಿ ಒರಗಿಸಿಟ್ಟರೆ ಹಪ್ಪಳದಂತೆ ಡೊಂಕಾಗುವುದು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಹಾರಿಸಿಕೊಂಡು ಬರುವ ಕೆಂಧೂಳು ಗೆರೆಗಳೊಳಗೆ ಸೇರಿದರೆ ಮುಳ್ಳು ಅದನ್ನೇ ಅರೆದು ಅರೆದು ಗಾಯನವನ್ನು ಸವೆಯಿಸುತ್ತದೆ. ಆದಕಾರಣ ತಟ್ಟೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು.

ಇನ್ನು ಮುಖ್ಯ ವಿಷಯ. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಗಾಯನ. ನಾಟಕದ ಕಂಪನಿಗಳಲ್ಲಿ ಪ್ರೇಕ್ಷಕರ 'ಒನ್ಸ್ ಮೋರ್'ಗೆ ಓಗೊಟ್ಟು ಒಂದೇ ಪದವನ್ನು ಬೆಳಗಿನ ಜಾವದವರೆಗೂ ಬೆಳೆಸಬಲ್ಲವರು, ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲವರು, ಈ ಇಕ್ಕಟ್ಟಿನೊಳಗೆ ಪ್ರವೇಶಿಸಿ ಹೇಗೆ ಹೊರಬಂದರೆಂಬುದನ್ನು ತಿಳಿಯುವುದೇ ತಟ್ಟೆಯ ರಸಾಸ್ವಾದನೆಯ ಮರ್ಮವೆಂದು ನಾನು ದೃಢವಾಗಿ ನಂಬಿದ್ದೇನೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಮುಂದೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ಕಾಲವಾದ ಮಹಾಗಾಯಕಿ, ಗಾಯನ ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಸಾರುತ್ತಾಳೆ. ಮುದ್ರಣವನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ತಟ್ಟೆ ಮಾಡಿಸಬೇಕಾಗಿದ್ದುದರಿಂದ, ಅಲ್ಲಿಯವರು ಹಾಡಿದವರ ಗುರುತು ತಪ್ಪದಿರಲೆಂದು ಈ ಪದ್ಧತಿ. ಆಕೆಯೂ ಆ ಸ್ವಲ್ಪ ಕಾಲದಲ್ಲಿಯೇ ರಾಗವನ್ನೂ ತಾನವನ್ನೂ ಹೆಸರನ್ನೂ ಅಡಕಗೊಳಿಸಿದಳು!

ಆದುದರಿಂದ ಹೊಸಬರಿಗೆ ನನ್ನ ಉಪದೇಶವಿಷ್ಟೆ: ಕಡೆಯ ಅರ್ಧ ನಿಮಿಷವನ್ನು ಕೇಳಿರಿ. ತಟ್ಟೆಯು ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಒಳಸುತ್ತುಗಳು ಕಿರಿದಾಗುತ್ತ ಹೋಗುವುದರಿಂದ, ಲೇಬಲಿನ ಸಮೀಪಕ್ಕೆ ಬಂದಂತೆಲ್ಲ ಧ್ವನಿಗೆ ದೊರೆಯುವ ಸ್ಥಳವು ಕಡಿಮೆಯಾಗುತ್ತದೆ. ಉಕ್ಕಿನ ಮುಳ್ಳೂ ಅಷ್ಟರಲ್ಲಿ ಮೊಂಡಾಗಿರುತ್ತದೆ. ಯಂತ್ರವು ಹೀಗೆ ಕೈಬಿಡುತ್ತಿರುವ ಗಳಿಗೆಯಲ್ಲಿಯೇ, ಕಾಲ ಮುಗಿಯಿತೆಂಬ ಸನ್ನೆಯನ್ನು ಕಂಡ ಗಾಯಕರು ಲಯವನ್ನು ಒಂದಿಷ್ಟು ಬಿಗಿಗೊಳಿಸುತ್ತಾರೆ, ತಬಲೆಯವನು ಅದನ್ನರಿತು ಕೂಡಿಕೊಳ್ಳುತ್ತಾನೆ, ಒಂದು ತಾನ ಮಿಂಚಿ ಸಮದ ಮೇಲೆ ಬಂದು ನಿಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಯೌವನದಲ್ಲಿ ಎಚ್.ಎಂ.ವಿ.ಗೆ ಕೊಟ್ಟ ಗೌಡಮಲ್ಹಾರ, ಅಡಾಣಗಳನ್ನು ಈ ದೃಷ್ಟಿಯಿಂದ ಕೇಳತಕ್ಕದ್ದು. ಅವಸರವಿದ್ದೂ ಅವಸರವೆನಿಸದ ಆ ಮುಕ್ತಾಯವನ್ನು ಗುರುತಿಸಲಾರದವರು ಎಷ್ಟು ತಟ್ಟೆಗಳನ್ನು ಕೂಡಿಹಾಕಿದರೂ ಸಾಮಾನು ಸಂಗ್ರಹಿಸಿದಂತಾಯಿತೇ ಹೊರತು ಸಂಗೀತವನ್ನಲ್ಲ.

ನನಗೆ ಈ ಕಿವಿ ಬಂದುದು ಡ್ಯಾಮಿನ ಕಾಲೊನಿಯಲ್ಲಿ, ನಿವೃತ್ತ ಮೆಕ್ಯಾನಿಕರೊಬ್ಬರ ಮನೆಯಲ್ಲಿ. ಅಣೆಕಟ್ಟಿನ ಕೆಲಸಕ್ಕೆಂದು ತೆಲುಗರೂ ತಮಿಳರೂ ಕನ್ನಡಿಗರೂ ಬಂದು ನೆಲೆಸಿದ ಊರಾದ್ದರಿಂದ ಅವರ ಪೆಟ್ಟಿಗೆಯಲ್ಲಿ ಎಲ್ಲ ಭಾಷೆಯ ತಟ್ಟೆಗಳೂ ಇದ್ದವು. ಒಂದನ್ನು ಹಾಕಿ, "ಯಾರ ದನಿ ಹೇಳು ನೋಡೋಣ, ತಮ್ಮಾ" ಎಂದರು. ತೆಳುವಾದ, ಏರುಶ್ರುತಿಯ, ಎಳೆಯ ಹೆಣ್ಣುದನಿ. ನನಗೆ ತಿಳಿಯಲಿಲ್ಲ. ಲೇಬಲ್ಲನ್ನು ತೋರಿಸಿದರು: ಗಾಂಧಾರಿ ಎಂದು ಅಚ್ಚಾಗಿತ್ತು. ಗಂಗೂಬಾಯಿ ಹಾನಗಲ್ಲರು ತಮ್ಮ ಮೊದಮೊದಲ ತಟ್ಟೆಗಳಲ್ಲಿ ಆ ಹೆಸರಿನಿಂದಲೇ ಹಾಡಿದ್ದರು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಧ್ವನಿ ಬದಲಾಗಿ, ನಾವೆಲ್ಲ ಬಲ್ಲ ಆ ಗಂಭೀರ ಗಂಡುದನಿಯಾಯಿತು. ಮೊದಲಿನದಕ್ಕೆ ಇನ್ನು ಸಾಕ್ಷಿಯೆಂದರೆ ಅರಗಿನ ತಟ್ಟೆಯೊಂದೇ. ಆ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಆ ಮಗ್ಗುಲನ್ನೇ ಮತ್ತೆ ಮತ್ತೆ ಹಾಕಿಸಿಕೊಂಡೆನು. ಕಡೆಯ ತಾನವು ಬರುವಾಗ ಆ ಎಳೆಯ ಕಂಠದೊಳಗೇ ಮುಂದಿನ ಗಂಗೂಬಾಯಿಯವರ ಹಟವು ಸ್ಪಷ್ಟವಾಗಿ ಕೇಳಿಬಂದಿತು.

ವಿನೈಲಿನ ಕಾಲದ ಏಳು ಅಂಗುಲದ, 45 ಸುತ್ತಿನ ಪುಟ್ಟ ಚಿತ್ರಗೀತೆಯ ತಟ್ಟೆಗಳ ವಿಷಯದಲ್ಲಿ ಜನರ ಅಭಿರುಚಿ ಇನ್ನೂ ಶೋಚನೀಯ. ಬಂದವರೆಲ್ಲ 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆಯ ಹಾಡನ್ನೇ ಕೇಳುತ್ತಾರೆ, ಪಿ.ಬಿ. ಶ್ರೀನಿವಾಸರು ಅಸ್ವಸ್ಥರಾಗಿದ್ದುದರಿಂದ ಜಿ.ಕೆ. ವೆಂಕಟೇಶರು ರಾಜಕುಮಾರರಿಂದಲೇ ಹಾಡಿಸಿದರೆಂಬ ಕಥೆಯನ್ನು ನನಗೇ ಹೇಳಿ ಹೋಗುತ್ತಾರೆ. ಆದರೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ನಟನ ಕಂಠವು ಅಂದು ಸಿನಿಮಾದೊಳಗೆ ಮರಳಿ ಪ್ರವೇಶಿಸಿತೆಂಬುದನ್ನು ಗಮನಿಸುವವರು ವಿರಳ. ಅದೇ ವೆಂಕಟೇಶರು 1963ರ 'ಕುಲವಧು'ವಿನಲ್ಲಿ ಬೇಂದ್ರೆಯವರ ಯುಗಾದಿಯ ಕವಿತೆಯನ್ನು ಎಸ್. ಜಾನಕಿಯವರಿಂದ ಹಾಡಿಸಿದುದನ್ನು ಹಬ್ಬದ ದಿನ ಮಾತ್ರ ನೆನೆಯುವುದು ಕೃತಘ್ನತೆ. ಪಲ್ಲವಿ, ಚರಣ, ನಡುವೆ ವಾದ್ಯ ಎಂಬ ನಮ್ಮ ಚಿತ್ರಗೀತೆಯ ಅಳತೆಯು ಆ ಹಳೆಯ ಮೂರು ನಿಮಿಷದ ಅಚ್ಚಿನಿಂದಲೇ ಬಂದಿತು. ಲೇಬಲ್ಲುಗಳನ್ನು ಓದಿರಿ, ಆದರೆ ಅವನ್ನು ಪೂರ್ಣವಾಗಿ ನಂಬಬೇಡಿರಿ. 1949ರ ಹಿಂದೀ 'ಮಹಲ್' ಚಿತ್ರದ ತಟ್ಟೆಯಲ್ಲಿ ಹಾಡಿದ ಲತಾ ಮಂಗೇಶ್ಕರರ ಹೆಸರಿಗೆ ಬದಲಾಗಿ ಪಾತ್ರದ ಹೆಸರಾದ ಕಾಮಿನಿಯೇ ಅಚ್ಚಾಗಿತ್ತು.

ತಟ್ಟೆಗಳು ಎಲ್ಲಿ ದೊರೆಯುತ್ತವೆಂದರೆ, ಅಂಗಡಿಗಳಲ್ಲಲ್ಲ. ಹೊಸಪೇಟೆ, ಕಂಪ್ಲಿಗಳ ಮೈಕ್‌ಸೆಟ್ಟಿನವರು ಮದುವೆಗೂ ಜಾತ್ರೆಗೂ ಹೊತ್ತೊಯ್ಯುತ್ತಿದ್ದ ಟ್ರಂಕುಗಳನ್ನು ಹುಡುಕಿರಿ. ಕ್ಯಾಸೆಟ್ಟು ಬಂದ ಮೇಲೆ ಅವು ಅಟ್ಟ ಸೇರಿದವು. ವಿದ್ಯುಚ್ಛಕ್ತಿ ಕಾಣದ ಹಳ್ಳಿಗಳಲ್ಲಿ ಕೀಲಿಯ ಯಂತ್ರಗಳು ಬಹುಕಾಲ ಬಾಳಿದ್ದರಿಂದ, ಇಂಗ್ಲೆಂಡಿನಲ್ಲಿ 78 ಸುತ್ತಿನ ತಟ್ಟೆಯ ಕಾಲ ಮುಗಿದ ಮೇಲೂ ನಮ್ಮ ದೇಶದಲ್ಲಿ ಅದು ಅಚ್ಚಾಗುತ್ತಲೇ ಇತ್ತು. ಬೀಟಲ್ಸ್ ತಂಡದ ಹಾಡುಗಳು ಸಹ ಇಲ್ಲಿ ಆ ರೂಪದಲ್ಲಿ ಹೊರಬಂದು, ಇಂದು ಪರದೇಶದ ಸಂಗ್ರಾಹಕರು ಅವನ್ನು ಅರಸಿ ಅಪಾರ ಬೆಲೆ ಕೊಡುತ್ತಾರೆ. ನಮ್ಮ ರಂಗಗೀತೆಗಳ ತಟ್ಟೆಗಳನ್ನು ಮಾತ್ರ ಗುಜರಿಯವನ ತಕ್ಕಡಿಗೆ ಹಾಕುತ್ತಿದ್ದೇವೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಟ್ರಂಕೊಂದಿದ್ದರೆ ದಯವಿಟ್ಟು ಮಾರುವ ಮುನ್ನ ನನಗೊಮ್ಮೆ ತೋರಿಸಿರಿ. ಕವರು ಹರಿದಿದ್ದರೂ ಲೇಬಲ್ಲು ಮಾಸಿದ್ದರೂ ಚಿಂತೆಯಿಲ್ಲ, ಒಂದರ ಮೇಲೊಂದು ಹೇರದೆ ನಿಲ್ಲಿಸಿಕೊಂಡು ತನ್ನಿರಿ.